ತಂಜಾವೂರು ಕಡೆಯ ರೈತರನ್ನು ನಮ್ಮೂರಿಗೆ ಕರೆಯಬೇಕೆಂದಿದ್ದೇವೆ. ಸರಿಯೇ, ತಪ್ಪೇ?

ಕೊನೆನಾಲೆ (ಮಳವಳ್ಳಿ ಕಡೆ)

ಎಲ್ಲರಿಗೂ ನಮಸ್ಕಾರ. ವಿಶ್ವೇಶ್ವರಯ್ಯ ನಾಲೆಯ ಕೊನೆಯ ಭಾಗದಲ್ಲಿ ನನಗೆ ಮೂರು ಎಕರೆ ಗದ್ದೆ ಇದೆ. ಸಂಜೆ ಹಾಲು ಹಾಕಿದ ಮೇಲೆ ನಾವು ಹತ್ತು ಹದಿನೈದು ಜನ ಡೈರಿಯ ಜಗುಲಿಯ ಮೇಲೆ ಕೂರುತ್ತೇವೆ. ಹೋದ ತಿಂಗಳು ಅಲ್ಲಿ ಒಂದು ಮಾತು ಬಂತು. ಕಾವೇರಿಗಾಗಿ ನಾವು ಹೆದ್ದಾರಿಯಲ್ಲಿ ಎಷ್ಟು ಸಲ ಕೂತಿದ್ದೇವೆ ಎಂಬುದಕ್ಕೆ ಲೆಕ್ಕವಿಲ್ಲ. ಆದರೆ ಯಾರಿಗೆ ನೀರು ಬಿಡಬಾರದೆಂದು ಕೂತಿದ್ದೇವೋ ಆ ರೈತನ ಮುಖವನ್ನು ನಮ್ಮಲ್ಲಿ ಒಬ್ಬರೂ ಕಂಡಿಲ್ಲ. ಅಲ್ಲಿಂದ ಹನ್ನೆರಡು ಜನರನ್ನು ಕರೆಸಿ, ಎರಡು ದಿನ ನಮ್ಮ ಮನೆಗಳಲ್ಲಿ ಉಳಿಸಿಕೊಂಡು, ನಾಲೆ ಗದ್ದೆ ತೋರಿಸಿ ಮಾತಾಡೋಣ ಎಂದು ಕೆಲವರು ಹೇಳಿದೆವು.

ಊರಿನಲ್ಲಿ ಇದು ದೊಡ್ಡ ಗಲಾಟೆಯಾಗಿದೆ. “ನೀರು ಕೊಟ್ಟದ್ದು ಸಾಲದೆಂದು ಕೂರಿಸಿ ಮುದ್ದೆಯನ್ನೂ ಬಡಿಸುತ್ತೀರಾ?” ಎಂದು ಎಲ್ಲರೆದುರಿಗೇ ಕೇಳಿದರು. ನನ್ನ ಭಾವಮೈದ ಹದಿನೈದು ದಿನದಿಂದ ಮಾತು ಬಿಟ್ಟಿದ್ದಾನೆ. ರಸ್ತೆ ತಡೆದ ಮೊಕದ್ದಮೆಗೆ ಅವನು ವರ್ಷಗಟ್ಟಲೆ ಕೋರ್ಟಿಗೆ ಅಲೆದಿದ್ದಾನೆ, ಅವನ ಸಿಟ್ಟು ಸುಳ್ಳಲ್ಲ.

ಹಿಂದೆ ಯಾರಾದರೂ ಇಂಥದ್ದನ್ನು ಮಾಡಿದ್ದಾರೆಯೇ? ಯಾವ ತಿಂಗಳಲ್ಲಿ ಕರೆಯಬೇಕು? ಏನು ಮಾತಾಡಬೇಕು, ಏನನ್ನು ಬಿಡಬೇಕು? ತಿಳಿದವರು ಹೇಳಿ.

ಕೆಂಪುಮಣ್ಣು

ಖಂಡಿತ ಕರೆಯಿರಿ ಅಣ್ಣ. ಅತಿಥಿಗಳಿಗೆ ಮಲಗಲು ಜಾಗ ಸಾಲದಿದ್ದರೆ ನಮ್ಮ ಮನೆ ಇದೆ, ಪಾಂಡವಪುರದಿಂದ ದೂರವೇನಿಲ್ಲ.

ಮಂಡ್ಯದ ಹುರಿಯಾಳು

ನನ್ನದು ವಿರೋಧ, ನೇರವಾಗಿ ಹೇಳುತ್ತೇನೆ. 1892ರ ಒಪ್ಪಂದ, 1924ರ ಒಪ್ಪಂದ, ಎರಡನ್ನೂ ಮೈಸೂರಿನ ಕೈ ತಿರುಚಿ ಮಾಡಿಸಿಕೊಂಡರು. ಕಾವೇರಿ ನ್ಯಾಯಮಂಡಳಿ 1991ರ ಮಧ್ಯಂತರ ಆದೇಶದಲ್ಲಿ 205 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ) ಬಿಡಿ ಎಂದಿತು. 2007ರ ಅಂತಿಮ ಐತೀರ್ಪಿನಲ್ಲಿ 740 ಟಿಎಂಸಿಯಲ್ಲಿ ಅವರಿಗೆ 419, ನಮಗೆ 270. ಇಷ್ಟಾದ ಮೇಲೆ ಮಾತುಕತೆ ಎಂದರೆ ಏನರ್ಥ? ಉಳಿದಿರುವುದರಲ್ಲೂ ಇನ್ನಷ್ಟು ಬಿಟ್ಟುಕೊಡಿ ಎಂದೇ ಅರ್ಥ. ಪ್ರತಿ ವರ್ಷ 192 ಟಿಎಂಸಿ ಹರಿದು ಹೋಗುತ್ತಿರುವಾಗ ನಾವು ಹಾರ ಹಾಕಿ ಸ್ವಾಗತಿಸಬೇಕೇ? ಅವರಿಗೆ ಮುಂಗಾರಿನ ನೀರು ನಮ್ಮಿಂದ ಹೋಗುತ್ತದೆ, ಹಿಂಗಾರಿನ ಮಳೆ ಅವರ ಮೇಲೇ ಬೀಳುತ್ತದೆ. ನಮಗೆ ಇರುವುದು ಒಂದೇ ಮಳೆ.

ಲೆಕ್ಕದ ಪುಸ್ತಕ

ಹುರಿಯಾಳು ಅವರೇ, ಅಂಕಿ ಹೇಳುವಾಗ ಈಚಿನದನ್ನು ಹೇಳಿ. 192 ಎಂಬುದು 2007ರ ಐತೀರ್ಪಿನದು. 2018ರ ಫೆಬ್ರವರಿ 16ರಂದು ಸುಪ್ರೀಂ ಕೋರ್ಟ್ ಅದನ್ನು 177.25ಕ್ಕೆ ಇಳಿಸಿತು. ನಮ್ಮ ಪಾಲು 284.75 ಆಯಿತು, ಅವರದು 404.25. ಹೆಚ್ಚಾಗಿ ಸಿಕ್ಕ 14.75ರಲ್ಲಿ 4.75 ಬೆಂಗಳೂರಿನ ಕುಡಿಯುವ ನೀರಿಗೆ.

ನಾನು ನೀರಾವರಿ ಕೆಲಸದಲ್ಲಿದ್ದು ನಿವೃತ್ತನಾದವನು. ಜಗಳ ಎಲ್ಲಿ ಹುಟ್ಟುತ್ತದೆ ಎಂದು ನೋಡಬೇಕಾದರೆ ವರ್ಷದ ಒಟ್ಟು ಮೊತ್ತ ನೋಡಬೇಡಿ, ತಿಂಗಳ ಪಟ್ಟಿ ನೋಡಿ. ಗಡಿಯಲ್ಲಿ ನೀರು ಅಳೆಯುವ ಜಾಗವಾದ ಬಿಳಿಗುಂಡ್ಲುವಿನಲ್ಲಿ ಜೂನ್‌ನಲ್ಲಿ 9.19, ಜುಲೈನಲ್ಲಿ 31.24, ಆಗಸ್ಟ್‌ನಲ್ಲಿ 45.95, ಸೆಪ್ಟೆಂಬರ್‌ನಲ್ಲಿ 36.76 ಟಿಎಂಸಿ ಹರಿಯಬೇಕು. ನಾಲ್ಕೇ ತಿಂಗಳಿಗೆ 123.14. ಇದು ಮಳೆ ಸರಿಯಾಗಿ ಬಂದ ವರ್ಷದ ಲೆಕ್ಕ. ಮಳೆ ಕೈಕೊಟ್ಟ ವರ್ಷದಲ್ಲಿ ಕೊರತೆಯನ್ನು ಹೇಗೆ ಹಂಚಿಕೊಳ್ಳಬೇಕು ಎಂಬುದಕ್ಕೆ, ಅಂದರೆ ಸಂಕಷ್ಟ ಸೂತ್ರಕ್ಕೆ, ಎರಡೂ ಕಡೆ ಮನಸಾರೆ ಒಪ್ಪಿದ ಲೆಕ್ಕವೇ ಇಲ್ಲ. ಆಗಸ್ಟ್ ಸೆಪ್ಟೆಂಬರ್‌ನಲ್ಲಿಯೇ ಬೀದಿಗೆ ಇಳಿಯುವುದು ಏಕೆ ಎಂದು ಈಗ ಗೊತ್ತಾಯಿತೇ? 2016ರಲ್ಲಿ ಸೆಪ್ಟೆಂಬರ್, 2023ರಲ್ಲೂ ಸೆಪ್ಟೆಂಬರ್.

ಮಂಡ್ಯದ ಹುರಿಯಾಳು

177.25 ಎಂಬುದನ್ನು ಒಪ್ಪುತ್ತೇನೆ, ತಿದ್ದಿದ್ದಕ್ಕೆ ವಂದನೆ. ವಾದ ಬದಲಾಗುವುದಿಲ್ಲ.

ಹಳೆಯ ಮೇಷ್ಟರು

ಹಿಂದೆ ಯಾರಾದರೂ ಮಾಡಿದ್ದಾರೆಯೇ ಎಂದು ಕೇಳಿದ್ದೀರಿ. ಮಾಡಿದ್ದಾರೆ, ಅದನ್ನು ನಮ್ಮ ಜಿಲ್ಲೆಯವರೇ ಮರೆತಿರುವುದು ನನಗೆ ನೋವಿನ ಸಂಗತಿ.

2002ರ ಬರ ನೆನಪಿದೆಯೇ? ಮುಖ್ಯಮಂತ್ರಿ ಎಸ್.ಎಂ. ಕೃಷ್ಣ ಅವರು ಬೆಂಗಳೂರಿನಿಂದ ಮಂಡ್ಯಕ್ಕೆ ಪಾದಯಾತ್ರೆ ಮಾಡಿದ ವರ್ಷ. ಎರಡೂ ರಾಜ್ಯಗಳಲ್ಲಿ ಬೆಂಕಿಯಂಥ ಮಾತುಗಳು. ಅದರ ಮರುವರ್ಷ, 2003ರಲ್ಲಿ, ಎರಡೂ ಕಡೆಯ ರೈತರು ಚೆನ್ನೈಯಲ್ಲಿ ಒಂದೇ ಕೋಣೆಯಲ್ಲಿ ಕೂತರು. ಮದರಾಸು ಅಭಿವೃದ್ಧಿ ಅಧ್ಯಯನ ಸಂಸ್ಥೆಯ ಪ್ರಾಧ್ಯಾಪಕ ಎಸ್. ಜನಕರಾಜನ್ ಅದಕ್ಕೆ ಓಡಾಡಿದವರು. ಆ ಕಡೆಯಿಂದ ಮನ್ನಾರ್‌ಗುಡಿಯ ಎಸ್. ರಂಗನಾಥನ್, ನಮ್ಮ ಕಡೆಯಿಂದ ಕೆ.ಎಸ್. ಪುಟ್ಟಣ್ಣಯ್ಯ. ಆ ಕೂಟಕ್ಕೆ ‘ಕಾವೇರಿ ಕುಟುಂಬ’ ಎಂದು ಹೆಸರಿಟ್ಟರು. ಆಮೇಲೆ ಬೆಂಗಳೂರಿನಲ್ಲಿಯೂ ಸೇರಿದರು. ಇವರು ಅಲ್ಲಿಗೆ ಹೋದರು, ಅವರು ಇಲ್ಲಿಗೆ ಬಂದರು, ಗದ್ದೆ ನಾಲೆಗಳನ್ನು ಕಣ್ಣಾರೆ ನೋಡಿದರು.

ಪುಟ್ಟಣ್ಣಯ್ಯನವರನ್ನು ಯಾರಾದರೂ ಮೆತ್ತಗಿನ ಮನುಷ್ಯ ಎನ್ನಬಲ್ಲರೇ? ಹಸಿರು ಶಾಲು ಹೊದ್ದು ಜೀವಮಾನವಿಡೀ ಬೀದಿಯಲ್ಲಿ ನಿಂತವರು. ಸುಪ್ರೀಂ ಕೋರ್ಟಿನ ಆ ತೀರ್ಪು ಬಂದ ಎರಡೇ ದಿನಕ್ಕೆ ತೀರಿಕೊಂಡರು. ಹೋರಾಟ ಮಾಡುವವನು ಮಾತುಕತೆಗೆ ಕೂರಬಾರದು ಎಂಬುದು ಎಲ್ಲಿಯ ನಿಯಮ? ಹೋರಾಟ ಮಾಡಿದವನಿಗೇ ಕೂರುವ ಅಧಿಕಾರ ಹೆಚ್ಚು.

ಮಂಡ್ಯದ ಹುರಿಯಾಳು

ಮೇಷ್ಟರೇ, ಪುಟ್ಟಣ್ಣಯ್ಯನವರ ಮೇಲೆ ನನಗೂ ಗೌರವವಿದೆ. ಆದರೆ ಆ ಕುಟುಂಬ ಕೊನೆಗೆ ಕಟ್ಟಿದ್ದೇನು? 2007ರಲ್ಲಿ ತೀರ್ಪು ಬಂತು, 2012ರಲ್ಲಿ ಮತ್ತೆ ಗಲಾಟೆ, 2016ರಲ್ಲಿ ಬೆಂಗಳೂರು ಹತ್ತಿ ಉರಿಯಿತು. ಕೂತು ಮಾತಾಡಿದ್ದರಿಂದ ಒಂದು ಹನಿ ನೀರು ಉಳಿಯಿತೇ?

ಹಳೆಯ ಮೇಷ್ಟರು

ಕೇಳಬೇಕಾದ ಪ್ರಶ್ನೆಯೇ. ಸರ್ಕಾರಗಳು ಕೈಗೆತ್ತಿಕೊಂಡು ಜಾರಿಗೆ ತಂದ ಸೂತ್ರವೊಂದು ಆ ಕೂಟದಿಂದ ಹುಟ್ಟಲಿಲ್ಲ. ಅದಕ್ಕೆ ಕಾನೂನಿನ ಬಲವಿರಲಿಲ್ಲ. ಎರಡೂ ಸರ್ಕಾರಗಳ ಕಣ್ಣು ನ್ಯಾಯಮಂಡಳಿಯ ಮೇಲಿತ್ತು. ನನಗೆ ಕಾಣುವ ಇನ್ನೊಂದು ದೋಷವೆಂದರೆ, ಅದು ಮುಖಂಡರ ಮಟ್ಟದಲ್ಲಿಯೇ ಉಳಿಯಿತು. ನನ್ನ ಶಾಲೆಯಿದ್ದ ಊರಿನಲ್ಲಿ ಆ ಹೆಸರನ್ನು ಕೇಳಿದವರು ಇಬ್ಬರೋ ಮೂವರೋ. ಆದ್ದರಿಂದಲೇ ಡೈರಿಯ ಜಗುಲಿಯಿಂದ ಎದ್ದ ಈ ಮಾತು ನನಗೆ ಮುಖ್ಯವೆನಿಸುತ್ತದೆ.

ಹಲಸೂರು ಕೆರೆ

ನಾನು ರೈತನಲ್ಲ. ಮನೆಯಲ್ಲಿ ತಮಿಳು, ಹೊರಗೆ ಕನ್ನಡ, ಹುಟ್ಟಿ ಬೆಳೆದದ್ದು ಬೆಂಗಳೂರು. ನೀರು ಎಷ್ಟು ಹರಿಯಿತು ಎಂಬ ಲೆಕ್ಕ ನನಗೆ ತಿಳಿಯದು, ಅದು ಹರಿಯದಿದ್ದಾಗ ನಮ್ಮ ಬೀದಿಯಲ್ಲಿ ಏನಾಗುತ್ತದೆ ಎಂಬುದು ಗೊತ್ತು.

2016ರ ಸೆಪ್ಟೆಂಬರ್ 12, ಸೋಮವಾರ. ನನ್ನ ಚಿಕ್ಕಪ್ಪ ಸೇಲಂನಿಂದ ಬಂದಿದ್ದರು, ಅವರ ಸ್ಕೂಟರ್‌ಗೆ ತಮಿಳುನಾಡಿನ ನೋಂದಣಿ ಫಲಕ. ಮಧ್ಯಾಹ್ನದ ಹೊತ್ತಿಗೆ ಮೈಸೂರು ರಸ್ತೆಯ ಕಡೆ ಬಸ್ಸುಗಳು ಉರಿಯುತ್ತಿವೆ ಎಂದು ಸುದ್ದಿ. ಎದುರು ಮನೆಯ ರಾಯರು ಏನೂ ಹೇಳದೆ ಬಂದರು, ಸ್ಕೂಟರನ್ನು ತಳ್ಳಿಕೊಂಡು ಹೋಗಿ ತಮ್ಮ ನಡುಮನೆಯೊಳಗೆ, ದೇವರ ಗೂಡಿನ ಪಕ್ಕದಲ್ಲಿ ನಿಲ್ಲಿಸಿದರು. ಅದರ ಮೇಲೆ ಎರಡು ಗೋಣಿಚೀಲ ಹೊದಿಸಿ, ಗೋಣಿಯ ಮೇಲೆ ಒಗೆದ ಬಟ್ಟೆ ಹರವಿದರು. ಮೂರು ದಿನ ಆ ಮನೆಯಲ್ಲಿ ಪೆಟ್ರೋಲ್ ವಾಸನೆಯಲ್ಲಿಯೇ ಪೂಜೆ ನಡೆಯಿತು. ನಮ್ಮ ಬೀದಿಯಲ್ಲಿ ಯಾರೂ ಸೌಹಾರ್ದ ಸಭೆ ನಡೆಸಿರಲಿಲ್ಲ. ಇಪ್ಪತ್ತು ವರ್ಷ ಅಕ್ಕಪಕ್ಕದಲ್ಲಿ ಬಾಳಿದ್ದರಿಂದ ಆದದ್ದು ಅದು.

ಆದರೆ ಮಳವಳ್ಳಿಗೂ ತಂಜಾವೂರಿಗೂ ನಡುವೆ ಎದುರು ಮನೆ ಎಂಬುದೇ ಇಲ್ಲ. ಆ ಎದುರು ಮನೆಯನ್ನು ನೀವು ಕಟ್ಟಲು ಹೊರಟಿದ್ದೀರಿ, ನಿಲ್ಲಿಸಬೇಡಿ.

ಹೊಳೆದಂಡೆ

ಪ್ರತಿಮೆಗಳ ವಿಷಯವನ್ನೂ ಹೇಳಿ ಸರ್. ಹಲಸೂರು ಕೆರೆಯ ಪಕ್ಕದ ತಿರುವಳ್ಳುವರ್ ಪ್ರತಿಮೆ 18 ವರ್ಷ ಮುಸುಕು ಹೊದ್ದು ನಿಂತಿತ್ತು. 2009ರ ಆಗಸ್ಟ್ 9ರಂದು ಅನಾವರಣವಾಯಿತು, ನಾಲ್ಕು ದಿನ ಬಿಟ್ಟು ಚೆನ್ನೈಯ ಅಯನಾವರಂನಲ್ಲಿ ಸರ್ವಜ್ಞನ ಪ್ರತಿಮೆ. ಇಬ್ಬರು ಮುಖ್ಯಮಂತ್ರಿಗಳು ಕೂತು ಮಾತಾಡಿದ್ದರಿಂದ ಆದದ್ದು. ಮಾತುಕತೆಯಿಂದ ಏನೂ ಆಗದು ಎನ್ನುವವರಿಗೆ ಇದೇ ಉತ್ತರ.

ಮಂಡ್ಯದ ಹುರಿಯಾಳು

ಪ್ರತಿಮೆ ನಿಂತ ಏಳು ವರ್ಷಕ್ಕೆ ಅದೇ ಊರಿನಲ್ಲಿ ಬಸ್ಸು ಉರಿಯಿತಲ್ಲ? ಕಲ್ಲಿಗೆ ಹಾರ ಹಾಕಿದರೆ ಗದ್ದೆಗೆ ನೀರು ಬರುವುದಿಲ್ಲ.

ಹಲಸೂರು ಕೆರೆ

ಇದರಲ್ಲಿ ನಾನು ಹುರಿಯಾಳು ಅವರ ಪರ. ಅನಾವರಣದ ದಿನ ನಮ್ಮ ತಂದೆಯ ಕಣ್ಣಲ್ಲಿ ನೀರು ಬಂದದ್ದು ನಿಜ, ಅದರ ಬೆಲೆ ಕಡಿಮೆಯಲ್ಲ. ಆದರೆ ಅದು ಮೇಲಿನವರ ಒಪ್ಪಂದ. ಬೀದಿಯಲ್ಲಿ ಕಲ್ಲು ಹಿಡಿದ ಹುಡುಗನಿಗೂ ಅದಕ್ಕೂ ಸಂಬಂಧವಿರಲಿಲ್ಲ.

ಒಟ್ಟಲು

ಇಷ್ಟು ಹೊತ್ತು ಓದಿದೆ. ಒಂದು ಮಾತು ಕೇಳುತ್ತೇನೆ. ಹನ್ನೆರಡು ಜನ ಬರುತ್ತಾರೆ ಎಂದಿರಲ್ಲ ಅಣ್ಣ, ಅದರಲ್ಲಿ ಹೆಂಗಸರೆಷ್ಟು? ನಿಮ್ಮ ಡೈರಿ ಜಗುಲಿಯ ಮೇಲೆ ಹೆಂಗಸರು ಕೂರುವುದಿಲ್ಲ ಎಂದು ನನಗೆ ಗೊತ್ತು, ನಮ್ಮೂರಿನಲ್ಲೂ ಕೂರುವುದಿಲ್ಲ.

ಒಟ್ಟಲು (ಸಸಿಮಡಿ) ಬಿಟ್ಟು ಇಪ್ಪತ್ತೈದು ದಿನವಾಗಿ, ನಾಲೆಯಲ್ಲಿ ನೀರು ಬಾರದಿದ್ದರೆ ಏನಾಗುತ್ತದೆ ಎಂದು ನಾಟಿ ಹಾಕುವವಳನ್ನು ಕೇಳಿ. ಪೈರು ಬಲಿತು ಬುಡ ಗಟ್ಟಿಯಾಗುತ್ತದೆ. ಕೀಳುವಾಗ ಬೇರು ಬಿಡುವುದಿಲ್ಲ, ಬೆರಳ ಸಂದಿ ಕೊಯ್ದು ಹೋಗುತ್ತದೆ. ಬಲಿತ ಪೈರನ್ನು ನೆಟ್ಟರೆ ತೆಂಡೆ ಒಡೆಯುವುದಿಲ್ಲ, ಇಳುವರಿ ಬೀಳುತ್ತದೆ. 2023ರಲ್ಲಿ ನಾನು ಕಿತ್ತ ಪೈರನ್ನು ಕಟ್ಟು ಕಟ್ಟಿ ದನದ ಮುಂದೆ ಹಾಕಿದೆ. ತಂಜಾವೂರಿನಲ್ಲಿ ಕುರುವೈ, ಅಂದರೆ ಅವರ ಮುಂಗಾರಿನ ಬತ್ತ, ಒಣಗಿತು ಎಂದು ಟಿವಿಯಲ್ಲಿ ತೋರಿಸುವಾಗ ಒಬ್ಬಳು ಹೆಂಗಸು ಬಿರುಕು ಬಿಟ್ಟ ಗದ್ದೆಯಲ್ಲಿ ಕುಕ್ಕರಗಾಲಿನಲ್ಲಿ ಕೂತಿದ್ದಳು. ಅವಳ ಬೆರಳು ಹೇಗಿರುತ್ತದೆ ಎಂದು ನನಗೆ ಯಾರೂ ಹೇಳಬೇಕಿಲ್ಲ.

ಟಿಎಂಸಿ ಲೆಕ್ಕ ಗಂಡಸರು ಮಾಡಿಕೊಳ್ಳಿ. ನಮ್ಮನ್ನು ಎದುರುಬದುರು ಕೂರಿಸಿ, ಮಾತು ತಾನಾಗಿ ಬರುತ್ತದೆ.

ಕೊನೆನಾಲೆ

ಒಟ್ಟಲು ಅಕ್ಕ, ತಪ್ಪಾಯಿತು. ನಮ್ಮ ಪಟ್ಟಿಯಲ್ಲಿ ಒಬ್ಬ ಹೆಂಗಸೂ ಇರಲಿಲ್ಲ. ಇವತ್ತು ಸಂಜೆಯೇ ಮಾತಾಡುತ್ತೇನೆ.

ಲೆಕ್ಕದ ಪುಸ್ತಕ

ಅಕ್ಕನ ಮಾತಿಗೆ ಒಂದು ತಿದ್ದುಪಡಿ. ಟಿಎಂಸಿ ಲೆಕ್ಕವನ್ನು ಹೆಂಗಸರೂ ಮಾಡಬೇಕು. ನೀರು ಬಳಕೆದಾರರ ಸಂಘದ ಸಭೆಗಳಲ್ಲಿ ಗಂಡಸರು ಮಾಡಿದ ಲೆಕ್ಕ ಹೇಗಿರುತ್ತದೆ ಎಂದು ನಾನು ಹತ್ತಿರದಿಂದ ನೋಡಿದ್ದೇನೆ.

ಶ್ರೀರಂಗದಿಂದ

ಹನ್ನೊಂದು ವರ್ಷದಿಂದ ಕೆಲಸದ ಮೇಲೆ ತಿರುಚಿರಾಪಳ್ಳಿಯಲ್ಲಿರುವ ಮದ್ದೂರಿನವನು ನಾನು. ಕೊನೆನಾಲೆ ಅವರೇ, ನಿಮ್ಮ ಹೆಸರು ನೋಡಿಯೇ ಬರೆಯಬೇಕೆನಿಸಿತು.

ಇಲ್ಲಿ ‘ಕಡೈಮಡೈ’ ಎಂಬ ಮಾತಿದೆ. ಕಡೈ ಎಂದರೆ ನಮ್ಮ ‘ಕಡೆ’, ಕೊನೆ. ಕಾಲುವೆಯ ನೀರು ಕಟ್ಟಕಡೆಗೆ ತಲುಪುವ, ಎಷ್ಟೋ ಸಲ ತಲುಪದೇ ಇರುವ ಊರುಗಳು. ನಾಗಪಟ್ಟಿನಂ ಕಡೆಯ ಒಬ್ಬ ರೈತರ ಮನೆಗೆ ನಾನು ಆಗಾಗ ಹೋಗುತ್ತೇನೆ. ಅವರ ಸಿಟ್ಟು ಕರ್ನಾಟಕದ ಮೇಲೆ ಎಷ್ಟಿದೆಯೋ ಅಷ್ಟೇ ಮೇಲ್ಗಡೆಯ ತಮ್ಮವರ ಮೇಲೂ ಇದೆ. “ಮೆಟ್ಟೂರು ಅಣೆಕಟ್ಟೆಯ ಬಾಗಿಲು ತೆರೆದರು ಎಂದು ಪತ್ರಿಕೆಯಲ್ಲಿ ಓದುತ್ತೇನೆ, ನೀರನ್ನು ನೋಡುವುದು ಇಪ್ಪತ್ತು ದಿನದ ಮೇಲೆ” ಎನ್ನುತ್ತಾರೆ. ನಮ್ಮ ತಂದೆ ಕನ್ನಂಬಾಡಿ ಅಣೆಕಟ್ಟೆಯ ಬಗ್ಗೆ ಇದೇ ಮಾತನ್ನು ಹೇಳುತ್ತಿದ್ದರು.

ಹುರಿಯಾಳು ಅವರು ಹಿಂಗಾರಿನ ಮಳೆಯ ಮಾತೆತ್ತಿದರು. ಬರುತ್ತದೆ, ನಿಜ. 2018ರ ನವೆಂಬರ್‌ನಲ್ಲಿ ಗಜ ಚಂಡಮಾರುತವಾಗಿ ಬಂತು. ವೇದಾರಣ್ಯಂ, ಪಟ್ಟುಕ್ಕೋಟ್ಟೈ ಕಡೆ ತೆಂಗಿನ ತೋಟಗಳು ಬೆಳಗಾಗುವುದರೊಳಗೆ ನೆಲಕ್ಕೆ ಮಲಗಿದವು. ಮೂವತ್ತು ವರ್ಷದ ಮರಗಳು, ಬುಡಸಮೇತ. ತೆಂಗು ಬೆಳೆದ ಮಂಡ್ಯದವರಿಗೆ ಅದನ್ನು ನಾನು ವಿವರಿಸಬೇಕಿಲ್ಲ.

ನನ್ನ ಸಲಹೆ: ಮುಖಂಡರನ್ನು ಕರೆಯಬೇಡಿ, ಕಡೈಮಡೈಯವರನ್ನು ಕರೆಯಿರಿ. ನಾಲೆಯ ಕೊನೆಯವನ ಕಷ್ಟ ನಾಲೆಯ ಕೊನೆಯವನಿಗೇ ಅರ್ಥವಾಗುವುದು.

ಕೊಡಗಿನ ಮಳೆ

ನದಿ ಹುಟ್ಟುವ ಜಾಗದವರನ್ನು ಇಂಥ ಯಾವ ಮಾತಿಗೂ ಯಾರೂ ಕರೆಯುವುದಿಲ್ಲ. 2018ರ ಆಗಸ್ಟ್‌ನಲ್ಲಿ ನಮ್ಮ ಗುಡ್ಡಗಳು ಜರಿದು ಮನೆ, ತೋಟ, ಜನ ಹೋದರು. ಆ ವರ್ಷ ಕೆಳಗಿನ ಅಣೆಕಟ್ಟೆಗಳೆಲ್ಲ ತುಂಬಿದವು ಎಂದು ಎರಡೂ ರಾಜ್ಯಗಳಲ್ಲಿ ಸಂತೋಷ. ಸಂತೋಷಪಡಲಿ, ಬೇಡ ಎನ್ನುವುದಿಲ್ಲ. ಆದರೆ ಕುಟುಂಬ ಎಂದು ಹೆಸರಿಡುವುದಾದರೆ ತವರುಮನೆಯವರಿಗೂ ಒಂದು ಮಣೆ ಹಾಕಿ.

ಕೆಂಪುಮಣ್ಣು

ನ್ಯಾಯವಾದ ಮಾತು. ಕಬಿನಿ ಹುಟ್ಟುವ ವಯನಾಡಿನವರನ್ನೂ ನೆನೆಯಬೇಕು, ಐತೀರ್ಪಿನಲ್ಲಿ ಕೇರಳಕ್ಕೂ 30 ಟಿಎಂಸಿ ಇದೆ.

ವಿಷಯಾಂತರಕ್ಕೆ ಕ್ಷಮೆ ಇರಲಿ: ಕೊನೆಯ ಭಾಗಕ್ಕೆ ನೀರು ತಲುಪದಿರುವುದಕ್ಕೆ ತಮಿಳುನಾಡು ಒಂದೇ ಕಾರಣವೇ? ನಾಲೆಯ ತಲೆಭಾಗದಲ್ಲಿ ಕಟ್ಟು ನೀರಿನ ಸರದಿ ಮುರಿದು, ರಾತ್ರೋರಾತ್ರಿ ತೂಬು ಎತ್ತಿ, ಪಂಪ್ ಇಟ್ಟು ಎಳೆಯುವವರು ನಾವೇ ಅಲ್ಲವೇ? ತಲೆಭಾಗದವನು ನಾನು, ಹಾಗಾಗಿ ಹೇಳುವ ಹಕ್ಕು ನನಗಿದೆ. ವರ್ಷಪೂರ್ತಿ ಕಬ್ಬು ನಿಲ್ಲಿಸಿಕೊಂಡು ಕೆಳಗಿನವರಿಗೆ ಬತ್ತ ಬೆಳೆಯಬೇಡಿ ಎಂದರೆ ಅದು ಸರಿಯೇ?

ಮಂಡ್ಯದ ಹುರಿಯಾಳು

ಕಬ್ಬು ಬಿಟ್ಟರೆ ಸಾಲ ತೀರಿಸುವುದು ಹೇಗೆ? ಮೊದಲು ರಾಗಿಗೂ ಬತ್ತಕ್ಕೂ ಬೆಲೆ ಕೊಡಿಸಿ, ಆಮೇಲೆ ಕಬ್ಬಿನ ಮಾತಾಡಿ.

ಕೆಂಪುಮಣ್ಣು

ಅದನ್ನೇ ಅವರೂ ಕುರುವೈ ಬಗ್ಗೆ ಹೇಳುತ್ತಾರಂತೆ.

ನೀರುಗಂಟಿಯ ಮಗ

ನಮ್ಮ ತಂದೆ, ಅಜ್ಜ ಇಬ್ಬರೂ ಕೆರೆಯ ನೀರು ಹಂಚುವ ನೀರುಗಂಟಿಗಳು. ಕೆರೆ ಅರ್ಧ ತುಂಬಿದ ವರ್ಷ ಅಜ್ಜ ಒಂದು ಕೆಲಸ ಮಾಡುತ್ತಿದ್ದರು. ನಾಟಿಗೆ ಮೊದಲೇ ಅಚ್ಚುಕಟ್ಟಿನವರನ್ನೆಲ್ಲ ಏರಿಯ ಮೇಲೆ ನಡೆಸಿಕೊಂಡು ಹೋಗಿ, ತೂಬಿನ ಕಲ್ಲಿನ ಮೇಲೆ ನೀರಿನ ಗುರುತನ್ನು ಎಲ್ಲರಿಗೂ ಮುಟ್ಟಿಸಿ, “ಇಷ್ಟೇ ಇರುವುದು, ಎಷ್ಟು ಗದ್ದೆ ನೆಡೋಣ ಹೇಳಿ” ಎನ್ನುತ್ತಿದ್ದರು. ಎಲ್ಲರ ಗದ್ದೆಯಲ್ಲೂ ಒಂದು ಭಾಗ ಬೀಳು ಬಿಡುವುದೆಂದು ಅಲ್ಲಿಯೇ ತೀರ್ಮಾನ. ನೆಟ್ಟ ಮೇಲೆ ಈ ಮಾತಾಡಿದ್ದರೆ ಹೊಡೆದಾಟವಾಗುತ್ತಿತ್ತು. ಪೈರು ನೆಲದಲ್ಲಿದ್ದಾಗ ಯಾರೂ ನ್ಯಾಯ ಮಾತಾಡುವುದಿಲ್ಲ, ಹೊಟ್ಟೆಯ ಮಾತಾಡುತ್ತಾರೆ.

ಆದ್ದರಿಂದ ಆಗಸ್ಟ್‌ನಲ್ಲಿ ಕರೆಯಲೇಬೇಡಿ. ಅವರ ಸಾಂಬಾ ಬತ್ತದ ಕೊಯ್ಲು ಮುಗಿದು, ಮೆಟ್ಟೂರು ತೆರೆಯುವ ಜೂನ್ 12ಕ್ಕೆ ಇನ್ನೂ ಮೂರು ನಾಲ್ಕು ತಿಂಗಳಿರುವಾಗ ಕರೆಯಿರಿ.

ಲೆಕ್ಕದ ಪುಸ್ತಕ

ಇದುವರೆಗೆ ಇಲ್ಲಿ ಬಂದ ಮಾತುಗಳಲ್ಲಿ ಅತ್ಯಂತ ಉಪಯುಕ್ತವಾದದ್ದು ಇದು. ಕೊರತೆ ಹಂಚಿಕೊಳ್ಳುವ ಮಾತನ್ನು ಕೊರತೆ ಕಾಣುವ ಮೊದಲೇ ಆಡಬೇಕು. 2024ರ ಜುಲೈನಲ್ಲಿ ಕನ್ನಂಬಾಡಿ 124.80 ಅಡಿ ತುಂಬಿದಾಗ ಎಲ್ಲರೂ ಬಾಗಿನದ ಚಿತ್ರ ಹಂಚಿಕೊಂಡರು. ಮುಂದಿನ ಬರಕ್ಕೆ ಏನು ಮಾಡೋಣ ಎಂದು ಮಾತಾಡಲು ಅದೇ ಒಳ್ಳೆಯ ಹೊತ್ತಾಗಿತ್ತು.

ಶ್ರೀರಂಗದಿಂದ

ಭಾಷೆಯ ಬಗ್ಗೆ ಒಂದು ಎಚ್ಚರಿಕೆ. ಎರಡೂ ಭಾಷೆ ಹತ್ತಿರವೆಂದು ನಂಬಿ ದುಭಾಷಿ ಇಲ್ಲದೆ ಕೂರಬೇಡಿ. ಒಮ್ಮೆ ನಮ್ಮ ತಂದೆ ಇಲ್ಲಿಗೆ ಬಂದಾಗ ಆ ನಾಗಪಟ್ಟಿನಂ ರೈತರ ಜೊತೆ ಕೂರಿಸಿದೆ. ಅವರು “ಏರಿ ಒಡೆದರೆ ಸರಿಮಾಡಬಹುದು, ಏರಿಯೇ ಬತ್ತಿದರೆ ಏನು ಮಾಡುವುದು” ಎಂಬರ್ಥದಲ್ಲಿ ತಮಿಳಿನಲ್ಲಿ ಹೇಳಿದರು. ತಂದೆ ಗೊಂದಲಕ್ಕೆ ಬಿದ್ದರು: ಏರಿ ಬತ್ತುವುದೆಂದರೇನು? ನಮಗೆ ಏರಿ ಎಂದರೆ ಕೆರೆಯ ಕಟ್ಟೆ, ಅವರಿಗೆ ಏರಿ ಎಂದರೆ ಕೆರೆಯೇ. ಅದು ಬಿಡಿಸಿದ ಮೇಲೆ ಇಬ್ಬರೂ ಒಂದು ಗಂಟೆ ಬರೀ ಪದಗಳನ್ನೇ ಕೇಳಿಕೊಂಡರು. ಪೈರಿಗೆ ಅವರೂ ಪಯಿರ್ ಎನ್ನುತ್ತಾರೆ ಎಂದು ತಿಳಿದಾಗ ತಂದೆ ಆ ಪದವನ್ನು ಎರಡು ಮೂರು ಸಲ ಹೇಳಿ ನೋಡಿದರು.

ಹಳೆಯ ಮೇಷ್ಟರು

ಇನ್ನೊಂದು ಮಾತು ಕೊನೆನಾಲೆಯವರಿಗೆ. ಊರಿನಲ್ಲಿ ಇಷ್ಟು ವಿರೋಧ ಇರುವಾಗ ಮೊದಲು ಅವರನ್ನು ಕರೆಸಿದರೆ ಅತಿಥಿಗಳಿಗೆ ಅವಮಾನವಾದೀತು. ಮೊದಲು ನೀವೇ ಹೋಗಿ ಬನ್ನಿ. ಮಂಡ್ಯದಲ್ಲಿ ಹತ್ತಿದರೆ ತಂಜಾವೂರು, ಕುಂಭಕೋಣ ದಾಟಿ ಮೈಲಾಡುತುರೈವರೆಗೆ ಒಂದೇ ರೈಲು. ಭಾವಮೈದನನ್ನು ಹೇಗಾದರೂ ಒಪ್ಪಿಸಿ ಕರೆದುಕೊಂಡು ಹೋಗಿ. ಒಪ್ಪುವವರಷ್ಟೇ ಹೋಗಿ ಬಂದರೆ ಊರಿನಲ್ಲಿ ಅದಕ್ಕೆ ಬೆಲೆಯಿಲ್ಲ.

ಕೊನೆನಾಲೆ

ಎಲ್ಲರಿಗೂ ವಂದನೆಗಳು. ನಿನ್ನೆ ಸಂಜೆ ಜಗುಲಿಯಲ್ಲಿ ಇದನ್ನೆಲ್ಲ ಓದಿ ಹೇಳಿದೆ. ಮೇಷ್ಟರು ಹೇಳಿದಂತೆ ಮೊದಲು ನಾವೇ ಹೋಗುವುದು, ಫೆಬ್ರವರಿಯಲ್ಲಿ. ಎಂಟು ಜನ, ಅದರಲ್ಲಿ ನಾಲ್ವರು ಹೆಂಗಸರು. ಒಟ್ಟಲು ಅಕ್ಕ, ನೀವೂ ಬರಬೇಕು. ಕಡೈಮಡೈಯ ಊರುಗಳಿಗೇ ಹೋಗುತ್ತೇವೆ. ಭಾವಮೈದನ ಮನೆಗೆ ಹೋಗಿದ್ದೆ. ಬರುವುದಿಲ್ಲ ಎಂದ. ಆದರೆ ಹದಿನೈದು ದಿನದ ಮೇಲೆ ಬಾಗಿಲಿನಿಂದ ಒಳಗೆ ಕರೆದು ಕಾಫಿ ಕೊಟ್ಟ.

ಮಂಡ್ಯದ ಹುರಿಯಾಳು

ನನ್ನ ಅಭಿಪ್ರಾಯ ಬದಲಾಗಿಲ್ಲ. ಹೋಗುವುದೇ ನಿಶ್ಚಯವಾದರೆ ಬರಿಗೈಯಲ್ಲಿ ಹೋಗಬೇಡಿ, ಈ ಮೂರು ಪ್ರಶ್ನೆ ಕೇಳಿ ಬನ್ನಿ. ಡೆಲ್ಟಾದ ಅಂತರ್ಜಲದಲ್ಲಿ 20 ಟಿಎಂಸಿ ಇದೆಯೆಂದು ಸುಪ್ರೀಂ ಕೋರ್ಟ್ ಗುರುತಿಸಿ ಅದರಲ್ಲಿ 10ನ್ನು ಲೆಕ್ಕಕ್ಕೆ ಹಿಡಿಯಿತಲ್ಲ, ಅವರ ಊರಿನ ಬಾವಿಗಳಲ್ಲಿ ನೀರು ನಿಜವಾಗಿ ಎಷ್ಟು ಆಳದಲ್ಲಿದೆ? ಮಳೆ ಇಲ್ಲದ ವರ್ಷ ಕುರುವೈ ಎಷ್ಟು ಎಕರೆ ಬಿಡಲು ಅವರು ಸಿದ್ಧ? ನಾವು ಎಷ್ಟು ಬಿಡಬೇಕೆಂದು ಅವರ ಎಣಿಕೆ? ಉತ್ತರವನ್ನು ಅವರು ಹೇಳಿದ ಹಾಗೆಯೇ ಇಲ್ಲಿ ಬರೆಯಬೇಕು. ಸಿಹಿ ಮಾಡಿ ಬರೆದರೆ ನನಗೆ ತಿಳಿಯುತ್ತದೆ.

ಕೊನೆನಾಲೆ

ಬರೆಯುತ್ತೇನೆ. ಮೂರನೆಯ ಪ್ರಶ್ನೆಯನ್ನು ನಾವು ಹೊರಡುವ ಮೊದಲೇ ನಮ್ಮ ಜಗುಲಿಯಲ್ಲಿಯೂ ಕೇಳುತ್ತೇವೆ, ಅವರು ತಿರುಗಿ ಕೇಳಿದರೆ ನಮ್ಮ ಬಳಿಯೂ ಉತ್ತರ ಇರಬೇಕು.

ಶ್ರೀರಂಗದಿಂದ

ದುಭಾಷಿಯಾಗಿ ನಾನಿದ್ದೇನೆ. ಅದೇ ರೈಲು ತಿರುಚಿಯನ್ನೂ ಹಾದು ಹೋಗುತ್ತದೆ, ಅಲ್ಲಿಯೇ ಹತ್ತಿಕೊಳ್ಳುತ್ತೇನೆ. ಬರುವಾಗ ಒಂದು ಹಿಡಿ ನಿಮ್ಮ ಬಿತ್ತನೆ ಬತ್ತ ತನ್ನಿ, ಆ ರೈತರು ಬಹಳ ದಿನದಿಂದ ಕೇಳುತ್ತಿದ್ದಾರೆ.

ಒಟ್ಟಲು

ರಾಜಮುಡಿ ಇದೆ ನನ್ನ ಹತ್ತಿರ. ಎರಡು ಸೇರು ಕಟ್ಟಿಕೊಂಡು ಬರುತ್ತೇನೆ. ನಮ್ಮತ್ತೆಯೂ ಬರುತ್ತೇನೆ ಎನ್ನುತ್ತಿದ್ದಾರೆ. ಅವರಿಗೆ ಕೆಳಗಿನ ಮಲಗುವ ಸೀಟೇ ಆಗಬೇಕು, ಟಿಕೆಟ್ ಮಾಡಿಸುವಾಗ ಮರೆಯಬೇಡಿ ಅಣ್ಣ.